ಎಪ್ಪತ್ತು ಸಾವಿರ ಚಿಲ್ಲರೆ ಫೈಲುಗಳು

ನಮ್ಮೂರಿನಲ್ಲಿ ಏನನ್ನೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸಿದರೂ, ಅದು ಹೋಗಿ ಮುಟ್ಟುವವರೆಗೆ ಅದರ ಒಡೆಯರಿಗೆ ಅದು ನೆನಪಿರುವುದಿಲ್ಲ. ಕೈಯಲ್ಲಿ ಹಿಡಿದುಕೊಂಡು ಹೋದರೆ ಈ ತೊಂದರೆಯಿಲ್ಲ, ಲಾರಿಗೋ ಬಸ್ಸಿನ ಟಾಪಿಗೋ ಹಾಕಿ ಕಳಿಸಿದರೆ ಮಾತ್ರ ಹೀಗೆ. ನನ್ನ ಸೋದರಮಾವ ಮಗಳ ಮನೆಗೆ ಬೆಲ್ಲದ ಡಬ್ಬ ಕಳಿಸಿ, ಕಳಿಸಿದ್ದನ್ನು ಮರೆತು ಇನ್ನೊಂದು ಕಳಿಸಿ, ಅದನ್ನೂ ಮರೆತು ಮೂರನೆಯದನ್ನು ಕಳಿಸಿದ್ದ. ಟೈಲರ್ ಬಸಪ್ಪನ ಹೊಲಿಗೆ ಯಂತ್ರ ರಿಪೇರಿಗೆ ಹೋಗುವಾಗ ದೋಣಿ ಮಗುಚಿ ಹೊಳೆಯ ಪಾಲಾಯಿತು. ಮುಟ್ಟಲೇ ಇಲ್ಲವಾದ್ದರಿಂದ ಅವನಿಗೆ ಅದರ ನೆನಪು ಇವತ್ತಿಗೂ ವಾಪಸು ಬಂದಿಲ್ಲ. ಈಗ ಸೋಡಾ ಅಂಗಡಿ ಇಟ್ಟಿದ್ದಾನೆ, ಚೆನ್ನಾಗಿಯೇ ಇದ್ದಾನೆ. ಗೋಡೆಯ ಮೊಳೆಗೆ ನೇತುಬಿದ್ದಿರುವ ಅಳತೆಯ ಟೇಪು ಯಾರದು ಎಂದು ಬಂದವರನ್ನೆಲ್ಲ ಕೇಳುತ್ತಾನೆ, ಅಷ್ಟೆ.

ಅದಕ್ಕೇ ನಮ್ಮಲ್ಲಿ ಸಾಕ್ಷಿ ಕೂರಿಸುವ ಪದ್ಧತಿ ಇರುವುದು. ಯಾರಾದರೂ ಮನೆ ಸಾಮಾನು ಸಾಗಿಸುವಾಗ ಪಕ್ಕದ ಮನೆಯವರೊಬ್ಬರು ಸ್ಲೇಟು ಹಿಡಿದು ಜೊತೆಗೆ ಕೂರುತ್ತಾರೆ. ‘ನಿಮ್ಮ ಮಂಚ, ಬೀರು, ರುಬ್ಬುವ ಕಲ್ಲು ಲಾರಿಯಲ್ಲಿವೆ, ಗಾಬರಿ ಬೇಡ’ ಎಂದು ಸ್ಲೇಟಿನಲ್ಲಿ ಬರೆದಿರುತ್ತದೆ. ಸಾಕ್ಷಿಯವರು ಏನು, ಯಾರದು ಎಂಬುದನ್ನು ಮಾತ್ರ ಹೇಳಬಹುದು. ಆ ಮಂಚದ ಮೇಲೆ ಯಾರು ಸತ್ತರು, ಆ ಬೀರುವಿಗಾಗಿ ಯಾರು ಜಗಳವಾಡಿದರು ಎಂಬುದನ್ನು ಹೇಳಕೂಡದು. ಅದು ತಾನಾಗಿಯೇ ಬರಬೇಕು.

ಕಂಪ್ಯೂಟರು ಬಂದ ಮೇಲೂ ಇದೇ ಕಥೆ. ಬೇರೆ ಊರುಗಳಲ್ಲಿ ಫೋಟೋಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಹಾಕಿ, ಅದರ ಪಾಡಿಗೆ ಅದನ್ನು ಬಿಟ್ಟು ಸಂತೆಗೆ ಹೋಗುತ್ತಾರಂತೆ. ನಮ್ಮಲ್ಲಿ ಹಾಗೆ ಹೋದವರಿಗೆ ಮನೆಯ ದಾರಿ ಸಿಕ್ಕರೆ ಪುಣ್ಯ. ಮದುವೆ ವಿಡಿಯೋ ಹೋಗುವಷ್ಟು ಹೊತ್ತು ಮದುವೆಯೇ ಮರೆತಿರುತ್ತದೆ. ಆದ್ದರಿಂದ ಮನೆಗೆ ಹೊಸ ಸ್ಟೋರೇಜ್ ಡಬ್ಬಿ ತಂದವರು ಮೊದಲು ಅದರ ವೇಗ ನೋಡಿಸದೆ ಒಂದು ಫೈಲನ್ನೂ ಮುಟ್ಟುವುದಿಲ್ಲ. ವೇಗ ನೋಡುವವರಲ್ಲಿ ಹೆಸರು ಮಾಡಿದವರೆಂದರೆ ದಸ್ತಗೀರ್ ಸಾಬರು. ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದರು. ಅವರ ಹತ್ತಿರ ಪುರಸಭೆಯ ಸಾಮಾನ್ಯ ಸಭೆಯ ವಿಡಿಯೋ ಒಂದಿದೆ, ಒಂದೇ ಫೈಲು, ಇಪ್ಪತ್ತು ಜಿಬಿ. ಊರಿನ ಎಲ್ಲ ವೇಗ ನೋಡುವವರೂ ಅದನ್ನೇ ಬಳಸುವುದು. ಅದು ದಾರಿಯಲ್ಲಿರುವಾಗ ಊರಿಗೆ ಊರೇ ಆ ಸಭೆಯನ್ನು ಮರೆತಿರುತ್ತದೆ, ಇದುವರೆಗೆ ಒಬ್ಬರಿಗೂ ನಷ್ಟವಾಗಿಲ್ಲ. ಅಧ್ಯಕ್ಷರಿಗೂ ಆಗಿಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಾನು ಕಮಲಾಕ್ಷಿ, ಹಾರ್ಮೋನಿಯಂ ನುಡಿಸುವವಳು. ನಾಟಕದ ಕಂಪನಿಯಲ್ಲಿ ಪರದೆಯ ಪಕ್ಕ ಕೂತು ಹದಿನೈದು ವರ್ಷ ನುಡಿಸಿದ್ದೇನೆ. ಕೇಶವ ಅವರು ನನ್ನ ಗಂಡ, ಸರ್ವೆ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಹತ್ತೊಂಬತ್ತು ವರ್ಷ ಜೊತೆಗಿದ್ದೆವು, ಆರು ವರ್ಷದಿಂದ ಬೇರೆ ಇದ್ದೇವೆ. ನಾನು ಮನೆಯಲ್ಲಿ, ಅವರು ಎಣ್ಣೆ ಗಾಣದ ಮೇಲಿನ ಕೋಣೆಯಲ್ಲಿ. ಬೇರೆಯಾದದ್ದು ಹೆಣ್ಣಿನ ವಿಷಯಕ್ಕಲ್ಲ, ಹೆಂಡದ ವಿಷಯಕ್ಕಲ್ಲ. ಹಾಗಾಗಿದ್ದರೆ ಜನಕ್ಕೆ ಹೇಳಲು ಸುಲಭವಿತ್ತು. ಹತ್ತೊಂಬತ್ತನೆಯ ವರ್ಷ ನನ್ನ ಹಾರ್ಮೋನಿಯಂನ ಗಾಳಿ ಒತ್ತುವ ತಿದಿ ಹರಿದು, ಗುಡ್ಡದಾಚೆಯ ಊರಿಗೆ ರಿಪೇರಿಗೆ ಲಾರಿಯಲ್ಲಿ ಕಳಿಸಿದೆವು. ಲಾರಿ ಹೊರಟ ಕೂಡಲೇ ನಾನು ನುಡಿಸುತ್ತಿದ್ದವಳು ಎಂಬುದೇ ನನಗೆ ಮರೆತುಹೋಯಿತು. ಹದಿನೈದು ದಿನಕ್ಕೆ ರಿಪೇರಿಯಾಗಿ ವಾಪಸು ಬಂತು. ಬಂದದ್ದು ಲಾರಿ ಆಫೀಸಿನ ಗೋದಾಮಿಗೆ. ಮನೆಯ ಹೊಸಿಲು ದಾಟುವವರೆಗೆ ಅದೂ ದಾರಿಯಲ್ಲಿರುವ ಲೆಕ್ಕವೇ. ‘ನಿಮ್ಮ ಮಾಲು ಬಂದಿದೆ, ಬಿಡಿಸಿಕೊಳ್ಳಿ’ ಎಂದು ಗೋದಾಮಿನವರು ತಿಂಗಳಿಗೊಂದರಂತೆ ಎಂಟು ಕಾರ್ಡು ಹಾಕಿದರು. ಎಂಟನ್ನೂ ಇವರು ಡ್ರಾಯರಿನಲ್ಲಿಟ್ಟುಕೊಂಡು ಸುಮ್ಮನಿದ್ದರು. ಕೊನೆಗೆ ಗೋದಾಮಿಗೆ ಸುಣ್ಣ ಹೊಡೆಸಬೇಕಾಗಿ ಬಂದು, ಗೋದಾಮಿನವರೇ ಕೈಗಾಡಿಯಲ್ಲಿ ತಂದು ಇಳಿಸಿದರು. ಹಾರ್ಮೋನಿಯಂ ಒಳಗೆ ಬಂದ ಕ್ಷಣ ನಾನು ಯಾರೆಂಬುದು ನನಗೆ ವಾಪಸು ಬಂತು. ಕಾರ್ಡುಗಳ ವಿಷಯ ಗೋದಾಮಿನವರಿಂದಲೇ ತಿಳಿದು, ಯಾಕೆ ಹೀಗೆ ಮಾಡಿದಿರಿ ಎಂದು ಇವರನ್ನು ಕೇಳಿದರೆ, “ನೀನು ನೆಮ್ಮದಿಯಾಗಿದ್ದೆ ಕಮಲ. ನಿನ್ನ ಒಳ್ಳೇದಕ್ಕೇ” ಎಂದರು. ಆ ಮಾತನ್ನು ಆರು ವರ್ಷವಾದರೂ ಬದಲಿಸಲಿಲ್ಲ. ನಾನೂ ಬಾಗಿಲು ತೆಗೆಯಲಿಲ್ಲ.

ಇಷ್ಟಾದರೂ ನಮ್ಮ ಹಳೆಯ ಕಂಪ್ಯೂಟರು ಮಾತ್ರ ಇಬ್ಬರದೂ ಆಗಿ ಉಳಿದಿತ್ತು. ಇವರಿಗೆ ಎಲ್ಲವನ್ನೂ ಹಿಡಿದಿಡುವ ಹುಚ್ಚು. ಸಂಜೆ ಮನೆಗೆ ಬಂದಾಗ ನಾನು ಆಡಿದ ಮೊದಲ ಮಾತು, ನಾನು ನುಡಿಸಿದ ಒಂದು ತುಣುಕು, ತಟ್ಟೆಯಲ್ಲಿದ್ದ ಪಲ್ಯ, ಮನೆಗೆ ಬಂದ ಕಾಗದಪತ್ರ, ಎಲ್ಲದರ ಧ್ವನಿಯನ್ನೋ ಚಿತ್ರವನ್ನೋ ತೆಗೆದು, ಮದುವೆಯ ಮೊದಲ ವರ್ಷ ಒಂದು, ಮುಂದಿನದು ಎರಡು ಎಂದು ನಂಬರು ಹಾಕಿ ಹತ್ತೊಂಬತ್ತು ಫೋಲ್ಡರುಗಳಲ್ಲಿ ಜೋಡಿಸಿಟ್ಟಿದ್ದರು. ಆ ಕಂಪ್ಯೂಟರಿನ ಡಿಸ್ಕು ಈಚೆಗೆ ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು ಮಾಡತೊಡಗಿತು. ಅದು ಸತ್ತರೆ ನನ್ನ ಹದಿನೆಂಟು ವರ್ಷದ ವಾದನವೆಲ್ಲ ಹೋದಂತೆ, ಬೇರೆಲ್ಲೂ ಇಲ್ಲ. ಬೇಡದ ಮನಸ್ಸಿನಿಂದಲೇ ಹೇಳಿ ಕಳಿಸಿದೆ. ಅವರು ಎರಡು ಡಿಸ್ಕಿನ ಸ್ಟೋರೇಜ್ ಡಬ್ಬಿಯೊಂದನ್ನು ತಂದರು. ಎರಡರಲ್ಲೂ ಒಂದೇ ಮಾಲು ಕೂರುತ್ತದೆ, ಆಮೇಲೆ ಬಿಚ್ಚಿ ಒಬ್ಬೊಬ್ಬರು ಒಂದೊಂದು ತೆಗೆದುಕೊಳ್ಳುವುದು ಎಂದು ಮಾತಾಯಿತು. ಒಂದು ಗಂಟೆಯ ಒಳಗೆ ಮುಗಿಯುವುದಾದರೆ ಮಾತ್ರ ಎಂದು ನಾನು ಹಟ ಹಿಡಿದೆ. ಮಧ್ಯೆ ನಿಂತುಹೋದರೆ ಮುಟ್ಟದೆ ಉಳಿದದ್ದು ಬಸಪ್ಪನ ಹೊಲಿಗೆ ಯಂತ್ರದ ಹಾಗೆ ಇಬ್ಬರ ತಲೆಯಿಂದಲೂ ಹೋಗಿಬಿಡುತ್ತದೆ. ಬಿಟ್ಟ ಗಂಡನೇ ಇರಬಹುದು, ಆದರೂ ಅವನನ್ನು ಮರೆಯುವುದಾದರೆ ನಾನಾಗಿ ಮರೆಯಬೇಕು.

ಭಾನುವಾರ ಬೆಳಿಗ್ಗೆ ಆರಕ್ಕೇ ದಸ್ತಗೀರ್ ಸಾಬರು ಬಂದರು. ಸಾಕ್ಷಿಗೆ ಎದುರು ಮನೆಯ ಲೋಕಮ್ಮ. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು, ನಲವತ್ತು ವರ್ಷದಿಂದ ಬೀದಿಗೆಲ್ಲ ಸಾಕ್ಷಿ ಕೂತವರು. ಸ್ಲೇಟಿನ ಮೇಲೆ ಇವರನ್ನು ಏನೆಂದು ಬರೆಯುವುದು ಎಂಬುದಕ್ಕೇ ಹತ್ತು ನಿಮಿಷ ಹೋಯಿತು. “ಗಂಡನಾಗಿದ್ದವರು ಅಂತ ಬರೀರಿ” ಎಂದೆ ನಾನು. “ಕೋರ್ಟಿಗೆ ಹೋಗಿದೀರೇನ್ರೀ? ಇಲ್ಲ ತಾನೆ? ಹಂಗಾದ್ರೆ ಗಂಡ” ಎಂದು ಲೋಕಮ್ಮ ಬರೆದೇಬಿಟ್ಟರು. ಇವರು ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತಿದ್ದರು.

ಸಾಬರು ಮೊದಲು ವೈಫೈಯಲ್ಲಿ ಪುರಸಭೆಯ ಸಭೆಯನ್ನು ಕಳಿಸಿ ನೋಡಿದರು. ಸೆಕೆಂಡಿಗೆ ಮೂವತ್ತು ಎಂಬಿ ಬಂತು. “ಆಗಲ್ಲ” ಎಂದು ಕೇಬಲ್ ಹಾಕಿದರು. ಆಗ ಬರೀ ಹನ್ನೊಂದು. ಕೇಬಲನ್ನು ಬೆಳಕಿಗೆ ಹಿಡಿದು ಓದಿ, ಇದು ನಮ್ಮಜ್ಜನ ಕಾಲದ್ದು ಎಂದು ಬೈದು, ಚೀಲದಿಂದ ಹೊಸದು ತೆಗೆದು ಸಿಕ್ಕಿಸಿದರು. ಈಗ ವೇಗ ನೂರಹತ್ತಕ್ಕೆ ಹೋಗಿ ಅಲ್ಲೇ ನಿಂತಿತು. ಮೂರು ಸಲ ಕಳಿಸಿದರು, ಮೂರು ಸಲವೂ ನೂರಹತ್ತು. “ಬೆಣ್ಣೆ ಅಮ್ಮಾ, ಬೆಣ್ಣೆ!” ಎಂದರು. “ನಿಮ್ಮದು ಇನ್ನೂರೈವತ್ತು ಜಿಬಿ. ನಲವತ್ತು ನಿಮಿಷ. ಕಾಫಿ ಕುಡಿದು ಲೋಟ ತೊಳೆಯೋದ್ರೊಳಗೆ ಮುಗೀತದೆ.” ಏಳು ಗಂಟೆಗೆ ಒತ್ತಿದರು.

ಒತ್ತಿದ ಮೇಲೆ ನನಗೆ ತಿಳಿದದ್ದು ಇಷ್ಟೇ: ನಮ್ಮ ಮನೆಯ ಹಜಾರದಲ್ಲಿ ಅರವತ್ತರ ಹತ್ತಿರದ ಯಾರೋ ಗಂಡಸು ನನ್ನ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದಾರೆ. ಮೀಸೆ ಅರ್ಧ ನರೆತಿದೆ, ಅಂಗಿಯ ಒಂದು ಗುಂಡಿ ಬೇರೆ ಬಣ್ಣದ್ದು. ಲೋಕಮ್ಮ ಸ್ಲೇಟು ತೋರಿಸಿದರು. ‘ಇವರು ಕೇಶವ. ನಿಮ್ಮ ಗಂಡ. ಇಬ್ಬರೂ ಒಪ್ಪಿ ಕೂತಿದ್ದೀರಿ. ನಲವತ್ತು ನಿಮಿಷ.’ ನನಗೆ ಮದುವೆಯಾಗಿದೆಯೆ ಎಂದು ಕಕ್ಕಾಬಿಕ್ಕಿಯಾದೆ. ಅವರೂ ಸ್ಲೇಟು ಓದಿ, ಥಟ್ಟನೆ ಎದ್ದು ನಿಂತು, “ಕ್ಷಮಿಸಿ ಮೇಡಂ, ತಪ್ಪು ತಿಳ್ಕೋಬೇಡಿ” ಎಂದರು. ನಾನು “ಪರವಾಗಿಲ್ಲ ಕೂತ್ಕೊಳ್ಳಿ” ಎಂದೆ. ಇಬ್ಬರೂ ರೈಲು ನಿಲ್ದಾಣದಲ್ಲಿ ಕೂತವರ ಹಾಗೆ ಒಂದು ಕುರ್ಚಿಯಷ್ಟು ಜಾಗ ಬಿಟ್ಟು ಕೂತೆವು.

“ಹಾರ್ಮೋನಿಯಂ ಯಾರು ನುಡಿಸೋದು?” ಎಂದು ಸ್ವಲ್ಪ ಹೊತ್ತಿನ ಮೇಲೆ ಕೇಳಿದರು. ನಾನೇ ಎಂದೆ. “ಒಂಚೂರು ಕೇಳಬಹುದಾ? ಹೇಗೂ ನಲವತ್ತು ನಿಮಿಷ ಕೂರಬೇಕಲ್ಲ.” ನುಡಿಸಿದೆ. ಆ ಮನುಷ್ಯ ಕಣ್ಣು ಮುಚ್ಚಿ ಕೇಳಿದ ರೀತಿ ನೋಡಿ, ಸ್ಲೇಟು ಹೇಳುವುದು ನಿಜವೇ ಆಗಿದ್ದರೆ ನನ್ನ ಅದೃಷ್ಟ ಅಷ್ಟೇನೂ ಕೆಟ್ಟದ್ದಲ್ಲ ಅನ್ನಿಸಿತು. ಇದನ್ನು ಈಗ ಬರೆಯುವಾಗ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ನುಡಿಸಿ ಮುಗಿಸಿ ತಲೆಯೆತ್ತಿದರೆ ದಸ್ತಗೀರ್ ಸಾಬರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಪರದೆಯ ಮೇಲೆ ನಲವತ್ತು ನಿಮಿಷ ಎಂದಿದ್ದದ್ದು ಮೂರು ಗಂಟೆಯಾಗಿತ್ತು. ನೋಡನೋಡುತ್ತಲೇ ಹನ್ನೊಂದು ಗಂಟೆಯಾಯಿತು. ವೇಗ ಆರು ಎಂಬಿ. “ಏನಾಯ್ತು ಸಾಬ್ರೇ?” ಎಂದು ಲೋಕಮ್ಮ ಗದರಿದರು. “ತಪ್ಪಾಯ್ತು ತಾಯಿ. ಪುರಸಭೆದು ಒಂದೇ ಫೈಲು. ಇವರದ್ದು ಎಪ್ಪತ್ತು ಸಾವಿರ ಚಿಲ್ಲರೆ ಫೈಲು. ಒಂದು ಮೂಟೆ ಅಕ್ಕಿ ಹೊತ್ಕೊಂಡ್ ಹೋಗಿ ಒಳಗಿಡೋದು ಒಂದು ಕೆಲಸ. ಅದೇ ಅಕ್ಕೀನ ಒಂದೊಂದೇ ಕಾಳು ತಗೊಂಡ್ ಹೋಗಿ, ಬಾಗಿಲು ತೆಗೆದು ಇಟ್ಟು, ಬಾಗಿಲು ಹಾಕಿ ವಾಪಸ್ ಬರೋದು ಅಂದ್ರೆ?” ಎಂದರು. “ಅದನ್ನ ಮೊದಲೇ ನೋಡಬಾರದಾಗಿತ್ತಾ?” ಎಂದರು ಲೋಕಮ್ಮ. “ಚಿಲ್ಲರೆ ಫೈಲಿಂದ ಟೆಸ್ಟ್ ಮಾಡೋಕೆ ಯಾರದ್ದು ತರ್ಲಿ? ಮರೆಯೋಕೆ ಯಾರು ತಮ್ಮದು ಕೊಡ್ತಾರೆ? ಈ ಊರಲ್ಲಿ ಮರೆತ್ರೂ ಪರವಾಗಿಲ್ಲ ಅನ್ನೋದು ಆ ಮೀಟಿಂಗ್ ಒಂದೇ.” ನಿಲ್ಲಿಸುವ ಹಾಗಿರಲಿಲ್ಲ. ನಿಲ್ಲಿಸಿದರೆ ಉಳಿದದ್ದೆಲ್ಲ ಹೋದ ಹಾಗೆ. ಲೋಕಮ್ಮ ಸ್ಲೇಟಿನಲ್ಲಿ ನಲವತ್ತು ನಿಮಿಷ ಎಂಬುದನ್ನು ಅಳಿಸಿ ‘ಸಂಜೆಯವರೆಗೆ’ ಎಂದು ಬರೆದರು.

ಒಂದನೆಯ ಫೋಲ್ಡರು ಮುಟ್ಟಿದಾಗ ಎಂಟು ಗಂಟೆಯಿರಬಹುದು. ಎದುರಿಗೆ ಕೂತಿದ್ದ ಮುಖ ಇದ್ದಕ್ಕಿದ್ದಂತೆ ಗುರುತಿನದಾಯಿತು, ಆದರೆ ಅದಕ್ಕೆ ಅಷ್ಟು ವಯಸ್ಸು ಯಾಕಾಗಿದೆ ತಿಳಿಯಲಿಲ್ಲ. ನಿನ್ನೆ ತಾನೆ ಧಾರೆಯಾದವಳ ನಾಚಿಕೆ ಮೈಯೆಲ್ಲ ಹತ್ತಿಕೊಂಡಿತು. ನನ್ನ ಮಂಡಿ ನೋವು ಮಾತ್ರ ಐವತ್ತಾರರದ್ದೇ ಆಗಿತ್ತು. ಅವರು ನನ್ನನ್ನು ‘ಮೇಡಂ’ ಅನ್ನುವುದು ಬಿಟ್ಟು ಏನೂ ಕರೆಯದೆ ಕೆಮ್ಮಿದರು. ಲೋಕಮ್ಮ ಸಾಬರಿಗೆ ಕಣ್ಸನ್ನೆ ಮಾಡಿದರು. ಇಬ್ಬರೂ ಕುರ್ಚಿ ತಿರುಗಿಸಿಕೊಂಡು ಪರದೆ ನೋಡುತ್ತ ಕೂತರು. ಎರಡನೆಯದು ಬರುವ ಹೊತ್ತಿಗೆ ‘ಕಮಲ’ ಆದೆ. ನಾಲ್ಕನೆಯದರಲ್ಲಿ ಅವರು ಅಡುಗೆಮನೆಗೆ ಬಂದು ಹುರುಳಿಕಾಯಿ ನಾರು ತೆಗೆಯಲು ಕೂತರು, ಯಾರೂ ಕೇಳದೆಯೇ, ಕೂತು ಅಭ್ಯಾಸವಿದ್ದವರ ಹಾಗೆ. ಒಂಬತ್ತನೆಯದರಲ್ಲಿ ಕಿಟಕಿಗೆ ಹಸಿರು ಬಣ್ಣ ಬೇಡ ಎಂಬ ಮಾತಿಗೆ ಇಬ್ಬರಿಗೂ ಹತ್ತಿಕೊಂಡಿತು. ಆ ಕಿಟಕಿಗೆ ಬಣ್ಣ ಹೊಡೆದು ಹದಿನಾರು ವರ್ಷವಾಗಿದೆ, ಹಸಿರೆಲ್ಲ ಎದ್ದುಹೋಗಿ ಮರವೇ ಕಾಣುತ್ತಿದೆ. ಆದರೂ ಇಪ್ಪತ್ತು ನಿಮಿಷ ನಾನು ಮುಖ ತಿರುಗಿಸಿಕೊಂಡು ಅನ್ನ ಬಸಿದೆ. ಹತ್ತನೆಯದು ಬಂತು, ಜಗಳ ಹಳೆಯದಾಯಿತು, ನಾಲ್ಕು ಜನವೂ ಊಟ ಮಾಡಿದೆವು.

ಊಟದ ಮೇಲೆ, ಹನ್ನೆರಡನೆಯ ಫೋಲ್ಡರಿನ ನಡುವೆ, ಡಿಸ್ಕು ಲೊಚಲೊಚ ಎಂದು ಸುಮ್ಮನಾಯಿತು. ಪರದೆಯಲ್ಲಿ ವೇಗ ಸೊನ್ನೆ. ಸಾಬರು ಬೀಸಣಿಗೆ ತೆಗೆದುಕೊಂಡು ಕಂಪ್ಯೂಟರಿಗೆ ಗಾಳಿ ಹಾಕತೊಡಗಿದರು, ತುಟಿ ಏನೋ ಹೇಳಿಕೊಳ್ಳುತ್ತಿತ್ತು. ಹನ್ನೆರಡು ವರ್ಷ ಜೊತೆಗಿದ್ದ ಗಂಡನನ್ನು ಹತ್ತಿರದಿಂದ ನೋಡಿದೆ. ಇನ್ನೂ ಏಳು ವರ್ಷ ಇವರು ನನ್ನವರಾಗಿದ್ದಾರೆ, ಆ ಏಳು ವರ್ಷದಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ, ಅದು ಇಲ್ಲೇ ಸತ್ತುಹೋದರೆ? ಅವರು ನನ್ನ ಕೈ ಹಿಡಿದುಕೊಂಡಿದ್ದರು. ಯಾವಾಗ ಹಿಡಿದರೋ ಇಬ್ಬರಿಗೂ ತಿಳಿದಿರಲಿಲ್ಲ. ಒಂಬತ್ತು ನಿಮಿಷದ ಮೇಲೆ ಡಿಸ್ಕು ಮತ್ತೆ ಲೊಚಗುಟ್ಟಿತು, ಸೊನ್ನೆ ಹೋಗಿ ಐದಾಯಿತು. ಕೈ ಬಿಡಲು ಇಬ್ಬರಿಗೂ ನೆನಪಾಗಲಿಲ್ಲ.

ಹದಿನಾರರಲ್ಲಿ ಕಂಪನಿಯವರು ನನ್ನನ್ನು ಕರೆಯುವುದು ನಿಲ್ಲಿಸಿದರು. ಕೀಬೋರ್ಡಿನವನು ಬಂದಿದ್ದ, ಅವನೊಬ್ಬನೇ ಸಾಕಂತೆ. ಆ ಹೊಟ್ಟೆಯುರಿ ಈಗ ಹೊಸದಾಗಿ ಹೊತ್ತಿಕೊಂಡಿತು. ದಿನಾ ಸಂಜೆ ಬಾಗಿಲು ಹಾಕಿಕೊಂಡು ಅದೇ ಒಂದು ರಂಗಗೀತೆಯನ್ನು ನುಡಿಸಿ ನುಡಿಸಿ ಅತ್ತದ್ದು, ಊಟ ಬಿಟ್ಟದ್ದು, ಇವರು ತಟ್ಟೆ ಹಿಡಿದು ಬಾಗಿಲ ಹೊರಗೆ ನಿಂತದ್ದು, ಎಲ್ಲ ಬಂತು. ಆದರೂ ಇವರ ಮೇಲೆ ನನಗೇನೂ ಇರಲಿಲ್ಲ. ಹದಿನೆಂಟು ಮುಗಿದಾಗ ಐದೂಕಾಲು. ಉಳಿದದ್ದು ಒಂದೇ ಫೋಲ್ಡರು.

ಆಗ ಇವರು ಹಣೆ ಉಜ್ಜಿಕೊಳ್ಳುತ್ತ ಕೇಳಿದರು. “ಕಮಲ, ಒಂದು ವಿಷಯ ತಲೆಗೆ ಹೋಗ್ತಾ ಇಲ್ಲ. ನಾನ್ಯಾಕೆ ಎಣ್ಣೆ ಗಾಣದ ಮೇಲೆ ಒಬ್ಬನೇ ಇದೀನಿ?” ಗಾಣದ ಕೋಣೆ ನಮ್ಮ ಫೋಲ್ಡರುಗಳಲ್ಲಿ ಇರಲಿಲ್ಲ, ಆದ್ದರಿಂದ ಅದು ಅವರಿಗೆ ಬೆಳಗಿನಿಂದಲೂ ನೆನಪಿತ್ತು. ನನಗೂ ಆರು ವರ್ಷ ಒಬ್ಬಳೇ ಉಂಡದ್ದು ನೆನಪಿತ್ತು. ಎರಡನ್ನೂ ಜೋಡಿಸಿ ನೋಡಿರಲಿಲ್ಲ, ಅಷ್ಟೆ. ಬೆಳಿಗ್ಗೆ ಅಪರಿಚಿತರಾಗಿದ್ದಾಗ ಅದು ವಿಚಿತ್ರ ಅನ್ನಿಸಿರಲಿಲ್ಲ. ಈಗ ಇಷ್ಟು ಹತ್ತಿರ ಕೂತು ನೋಡಿದರೆ ತಲೆಬುಡ ತಿಳಿಯದಾಯಿತು.

“ನಾನೇ ಏನೋ ಮಾಡಿರ್ಬೇಕು” ಎಂದೆ. ನಿಜವಾಗಿ ಹಾಗೇ ಅನ್ನಿಸಿತ್ತು. ಆ ಸಂಜೆಗಳಲ್ಲಿ ನಾನು ಇದ್ದ ರೀತಿಗೆ ಯಾವ ಗಂಡನೂ ಓಡಿಹೋಗುತ್ತಿದ್ದ. “ಇಲ್ಲ ಇಲ್ಲ, ನನ್ನದೇ ಏನೋ ಇರ್ಬೇಕು. ಮನೆ ಬಿಟ್ಟವನು ನಾನು ತಾನೆ?” ಎಂದರು ಇವರು. ಇಬ್ಬರೂ ಲೋಕಮ್ಮನ ಮುಖ ನೋಡಿದೆವು. ಲೋಕಮ್ಮ ಸ್ಲೇಟನ್ನು ಮಡಿಲಿನಲ್ಲಿ ಮಗುಚಿ ಇಟ್ಟುಕೊಂಡು, ಸೆರಗಿನಲ್ಲಿ ಕಣ್ಣು ಒತ್ತಿಕೊಳ್ಳುತ್ತಿದ್ದರು. ಸಾಕ್ಷಿ ಕೂತವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಹೇಳೋ ಹಾಗಿಲ್ಲ, ನಿಮಗೇ ಗೊತ್ತು” ಎಂದರು. ಆಮೇಲೆ ಪರದೆಯ ಕಡೆ ನೋಡಿ, “ಆದ್ರೆ ಇಷ್ಟು ಕೇಳ್ತೀನಿ, ದೇವರು ಕ್ಷಮಿಸಲಿ. ಬೆಳಗಿಂದ ನಿಮ್ಮಿಬ್ಬರನ್ನ ನೋಡ್ತಾ ಇದೀನಿ. ಇನ್ನೊಂದು ಫೋಲ್ಡರ್ ಐತೆ. ಅದು ಬರೋದು ಬೇಡ ಅಂದ್ರೆ ಈ ಕೇಬಲ್ ಕಿತ್ರೆ ಆಯ್ತು. ಇಲ್ಲಿಗೇ ಉಳ್ಕೋತದೆ. ಏನ್ ಮಾಡ್ಲಿ?” ಎಂದರು. ದಸ್ತಗೀರ್ ಸಾಬರು ಅಯ್ಯಯ್ಯೋ ಎಂದು ಎದ್ದು ನಿಂತರು, ಆದರೆ ಅವರೂ ಬೇಡವೆನ್ನಲಿಲ್ಲ.

ಯೋಚಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಫೋಲ್ಡರಿನಲ್ಲಿ ಏನಿದ್ದರೂ ಅದು ನಮ್ಮನ್ನು ಬೇರೆ ಮಾಡಿದೆ. ಅದು ಬರದಿದ್ದರೆ ಇವರು ಇವತ್ತು ರಾತ್ರಿಯೂ ಇಲ್ಲೇ ಇರುತ್ತಾರೆ, ನಾಳೆ ಹುರುಳಿಕಾಯಿ ನಾರು ತೆಗೆಯುತ್ತಾರೆ. ನನಗೆ ಗೊತ್ತಿಲ್ಲದ್ದು ನನಗೆ ಬೇಡ. “ಕಿತ್ತುಬಿಡಿ ಲೋಕಮ್ಮ” ಎಂದೆ.

ಲೋಕಮ್ಮ ಕೈ ಚಾಚಿದರು. ಇವರು ಮುಂದೆ ಬಂದು ಕೇಬಲ್ಲಿಗೆ ಅಡ್ಡ ನಿಂತರು. “ಬೇಡಿ” ಎಂದರು. “ಅದರಲ್ಲಿ ಇವಳ ಒಂದು ವರ್ಷ ಐತೆ. ಒಳ್ಳೇದೋ ಕೆಟ್ಟದ್ದೋ, ಇವಳದು. ಇವತ್ತು ಇವಳು ಭಯಕ್ಕೆ ಬೇಡ ಅಂತಾಳೆ, ಏನು ಅಂತ ಗೊತ್ತಿಲ್ಲದೆ ಬೇಡ ಅಂತಾಳೆ. ಇವಳದನ್ನ ಇವಳಿಗೆ ಮುಟ್ಟದ ಹಾಗೆ ತಡೆಯೋಕೆ ನಾವ್ಯಾರು? ನಾನಂತೂ ಅಂಥಾ ಕೆಲಸ ಮಾಡಲ್ಲಮ್ಮ.” ಲೋಕಮ್ಮನ ಚಾಚಿದ ಕೈ ನಿಧಾನವಾಗಿ ಮಡಿಲಿಗೆ ವಾಪಸು ಹೋಯಿತು.

ಹತ್ತೊಂಬತ್ತು ಬರತೊಡಗಿತು. ಮೊದಲು ಬಂದದ್ದು ತಿದಿ ಹರಿದದ್ದು, ಲಾರಿಗೆ ಹಾಕಿದ್ದು. ಆಮೇಲೆ ಬಂದದ್ದು ನೆಮ್ಮದಿ. ಇದನ್ನು ನಾನು ಆರು ವರ್ಷದಲ್ಲಿ ಯಾರಿಗೂ ಹೇಳಿಲ್ಲ, ನನಗೇ ಹೇಳಿಕೊಂಡಿಲ್ಲ: ಆ ಎಂಟು ತಿಂಗಳು ನಾನು ಹೊಟ್ಟೆ ತುಂಬ ಉಂಡಿದ್ದೆ, ಕಣ್ತುಂಬ ನಿದ್ದೆ ಮಾಡಿದ್ದೆ. ಕಂಪನಿಯವರ ಮೇಲೆ ಸಿಟ್ಟಿರಲಿಲ್ಲ, ಯಾಕೆಂದರೆ ನಾನು ಯಾವ ಕಂಪನಿಯವಳೂ ಆಗಿರಲಿಲ್ಲ. ಬೆರಳುಗಳು ಮಾತ್ರ ಊಟದ ಮೇಜಿನ ಅಂಚಿನ ಮೇಲೆ ಏನನ್ನೋ ಒತ್ತುತ್ತಿದ್ದವು, ಅದೇನೆಂದು ನಾನು ಇವರನ್ನು ಕೇಳುತ್ತಿದ್ದೆ. ಇವರು ನನ್ನ ಬೆರಳು ನೋಡಿ ಬೇರೆ ಕಡೆ ನೋಡುತ್ತಿದ್ದರು. ಆಮೇಲೆ ಕಾರ್ಡುಗಳು ಬಂದವು. ಮನೆಗೆ ಬಂದ ಕಾಗದವನ್ನೆಲ್ಲ ಹಿಡಿದಿಡುವ ಮನುಷ್ಯ, ಆ ಎಂಟನ್ನೂ ಬಿಡದೆ ಸ್ಕ್ಯಾನ್ ಮಾಡಿಟ್ಟಿದ್ದರು. ನಿಮ್ಮ ಮಾಲು ಬಂದಿದೆ. ನಿಮ್ಮ ಮಾಲು ಬಂದಿದೆ. ಒಂದೊಂದು ಬಂದ ಹಾಗೂ ನಾನು ಇವರ ಮುಖ ನೋಡುತ್ತಿದ್ದೆ. ಐದನೆಯ ಕಾರ್ಡಿನ ಹೊತ್ತಿಗೆ ಇವರು ಕೇಬಲ್ಲಿನ ಪಕ್ಕದಿಂದ ಸರಿದು ಗೋಡೆಗೆ ಒರಗಿ ಕೂತಿದ್ದರು. ಎಂಟನೆಯದಕ್ಕೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಆರು ಗಂಟೆಗೆ ಡಬ್ಬಿ ಬೀಪ್ ಎಂದಿತು. ಎಪ್ಪತ್ತು ಸಾವಿರವೂ ಮುಟ್ಟಿದ್ದವು, ಒಂದೂ ಕಳೆದಿರಲಿಲ್ಲ. ಸಾಬರು ಡಬ್ಬಿ ಬಿಚ್ಚಿ, ಎರಡು ಡಿಸ್ಕನ್ನೂ ಬೇರೆ ಬೇರೆ ಪೇಪರಿನಲ್ಲಿ ಸುತ್ತಿ ಇಬ್ಬರ ಮುಂದೆ ಇಟ್ಟರು. ಇನ್ನು ಮೇಲೆ ತಮ್ಮ ಮನೆಯದೇ ಒಂದಿಷ್ಟು ಚಿಲ್ಲರೆ ಫೈಲು ಕೊಟ್ಟು ಟೆಸ್ಟ್ ಮಾಡುವುದಾಗಿ, ಯಾರೂ ಕೇಳದಿದ್ದರೂ ಹೇಳಿ ಹೊರಟರು. ಲೋಕಮ್ಮ ನನ್ನ ಭುಜ ಮುಟ್ಟಿ, “ನಾನು ಕೇಳಬಾರದಾಗಿತ್ತು ಕಣಮ್ಮ” ಎಂದು ತಾವೂ ಹೋದರು.

ಇವರು ಡಿಸ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಚಪ್ಪಲಿ ಮೆಟ್ಟಿದರು. ನಾನು ಬಾಗಿಲ ಬಳಿ ನಿಂತಿದ್ದೆ. ಆರು ವರ್ಷದಿಂದ ಕಾಯ್ದಿಟ್ಟುಕೊಂಡಿದ್ದ ಸಿಟ್ಟನ್ನು ಹುಡುಕಿದೆ, ಅದು ಇತ್ತು. ಆದರೆ ಪಕ್ಕದಲ್ಲೇ ಬೆಳಗಿನ ಕಾಫಿ, ಹಸಿರು ಕಿಟಕಿ, ಹಿಡಿದ ಕೈ ಎಲ್ಲ ಒಂದರ ಮೇಲೊಂದು ಬಿದ್ದಿದ್ದವು. ಯಾವುದು ಈ ಹೊತ್ತಿನದು, ಯಾವುದು ಹಳೆಯದು ಎಂದು ಬಿಡಿಸಲು ಆಗುತ್ತಿರಲಿಲ್ಲ. ಅದಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ಕಿತ್ತುಬಿಡಿ ಎಂದವಳು ನಾನು, ತಡೆದವರು ಇವರು.

ಮೆಟ್ಟಿಲಿಳಿದು ತಿರುಗಿ ನಿಂತರು. “ಕಮಲ, ಒಂದು ಮಾತು. ಮೊದಲನೇ ಕಾರ್ಡು ಬಂದ ದಿನ, ಹೀಗೊಂದು ನಿನ್ನದು ಗೋದಾಮಲ್ಲಿದೆ, ತರಲಾ ಬೇಡ್ವಾ ಅಂತ ನಿನ್ನ ಕೇಳಿದ್ರೆ, ನೀನೇ ಬೇಡ ಅಂತಿದ್ದೆಯೇನೋ, ಅಲ್ವಾ?”

ಈ ಪ್ರಶ್ನೆಗೆ ಉತ್ತರ ಆರು ವರ್ಷದಿಂದ ನನ್ನ ನಾಲಿಗೆಯ ತುದಿಯಲ್ಲಿತ್ತು. ಇಲ್ಲ, ಸತ್ತರೂ ಅನ್ನುತ್ತಿರಲಿಲ್ಲ, ಎಂಬುದು ಆ ಉತ್ತರ. ಬಾಯಿ ತೆರೆದರೆ ಅದು ಬರಲಿಲ್ಲ. “ಗೊತ್ತಿಲ್ಲ” ಎಂದೆ. “ಅಂತಿದ್ದೆನೋ ಏನೋ. ಆದ್ರೆ ಕೇಳಬೇಕಿತ್ತು ರೀ.”

ನಿನ್ನ ಒಳ್ಳೇದಕ್ಕೇ ಎಂದು ಈಗ ಹೇಳುತ್ತಾರೆ, ಹೇಳಿದ ಕೂಡಲೇ ಬಾಗಿಲು ಹಾಕಿಬಿಡುತ್ತೇನೆ ಎಂದು ಚಿಲಕದ ಮೇಲೆ ಕೈ ಇಟ್ಟೆ. ಅವರು ಡಿಸ್ಕನ್ನು ಕಂಕುಳಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಹೌದು, ಕೇಳಬೇಕಿತ್ತು” ಎಂದರು. ಆಮೇಲೆ ಅವರು ಹೋಗಲೂ ಇಲ್ಲ, ಒಳಗೆ ಬರಲೂ ಇಲ್ಲ. ನಾನೂ ಬಾಗಿಲು ಹಾಕಬೇಕೋ ಬೇಡವೋ ತಿಳಿಯದೆ, ಚಿಲಕದ ಮೇಲಿನ ಕೈ ತೆಗೆದು ಅಲ್ಲೇ ನಿಂತೆ.